ಅಡುಗೆಮನೆಯಲ್ಲಿ ಬೇಯಿಸಿದ ಹಲ್ಲು

ಹಲ್ಲಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೀಸೆ ಚಿಗುರುವ ಮೊದಲೇ ಹಲ್ಲಿನ ಸೆಟ್ಟು ಮಾಡುವ ಕೆಲಸಕ್ಕೆ ಸೇರಿಕೊಂಡವನನ್ನು ಜೊತೆಗಾರರು ತಮಾಷೆಗೆ ಹಾಗೆ ಕರೆದರು. ತಮಾಷೆ ಅಂಟಿಕೊಂಡಿತು. ಆಮೇಲಾಮೇಲೆ ಒಡಹುಟ್ಟಿದ ಅಕ್ಕನೇ ಅಂಗಡಿಗೆ ಫೋನ್ ಮಾಡಿ, "ನಮ್ಮ ಹಲ್ಲಪ್ಪ ಇದಾನಾ?" ಅಂತ ಕೇಳುವ ಹಾಗಾಯಿತು. ಅವನಿಗೂ ಬೇಜಾರಿರಲಿಲ್ಲ. ಮಾಡುವ ಕೆಲಸದಿಂದ ಕರೆಸಿಕೊಳ್ಳುವುದು ಒಂದು ಮರ್ಯಾದೆ ಅಂತಲೇ ತಿಳಿದಿದ್ದ.

ಅಂಗಡಿ ಅಂತ ಅವರು ಕರೆಯುತ್ತಿದ್ದ ಆ ಜಾಗವೆಂದರೆ ಹಲ್ಲಿನ ಆಸ್ಪತ್ರೆಯ ಹಿಂಭಾಗದ ಒಂದು ಉದ್ದನೆಯ ಕೋಣೆ. ಯಾವಾಗ ನೋಡಿದರೂ ಪ್ಲಾಸ್ಟರ್ ಪುಡಿ, ಕರಗಿದ ಮೇಣದ ವಾಸನೆ. ಮುಂದುಗಡೆ ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು, ಹಿಂದುಗಡೆ ಇವನು ಅದರಿಂದ ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಜೋಡಿಸಿ, ಮೇಣದ ಜಾಗಕ್ಕೆ ಒಸಡಿನ ಹಾಗೆ ಕಾಣುವ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಬಿಸಿನೀರಿನಲ್ಲಿ ಬೇಯಿಸಿ ಗಟ್ಟಿ ಮಾಡುತ್ತಿದ್ದ. ಕಿಟಕಿ ಪಕ್ಕದ ಮೇಜು ಅವನದು. ಹಲ್ಲುಗಳನ್ನು ದಾರ ಹಿಡಿದ ಹಾಗೆ ಸಾಲಾಗಿ ನಿಲ್ಲಿಸಿದರೆ ಅವನಿಗೆ ಸಮಾಧಾನವಿಲ್ಲ. ಒಂದನ್ನು ಕೂದಲೆಳೆಯಷ್ಟು ಓರೆ ಮಾಡುತ್ತಿದ್ದ, ಇನ್ನೊಂದರ ತುದಿಯನ್ನು ಒಂಚೂರು ಸವೆಸುತ್ತಿದ್ದ. ಹಾಕಿಕೊಂಡವರು ನಕ್ಕಾಗ ಅದು ಕಟ್ಟಿಸಿದ ಹಲ್ಲು ಅಂತ ಹೆಂಡತಿ ಮಕ್ಕಳಿಗೂ ಮರೆತುಹೋಗಬೇಕು, ಅದು ಅವನ ಹಟ.

ಇಷ್ಟು ಜನರ ನಗು ರಿಪೇರಿ ಮಾಡಿದವನ ಮದುವೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅಕ್ಕನ ಮದುವೆಯಾಗಲಿ ಅಂತ ಒಂದಷ್ಟು ವರ್ಷ, ಅಪ್ಪನ ಕಾಯಿಲೆ ಅಂತ ಒಂದಷ್ಟು ವರ್ಷ, ಇನ್ನು ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ ಅಂತ ಮಿಕ್ಕ ವರ್ಷ. ನಲವತ್ತು ದಾಟಿದ ಮೇಲೆ ಅಕ್ಕನೇ ಒಂದು ಸಂಬಂಧ ತಂದಳು. ಹೆಣ್ಣು ಹೊರದೇಶದಲ್ಲಿದ್ದಳು. ಮುದುಕರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಕೆಲಸ. ಅವಳ ಕಥೆಯೂ ಇವನದರ ಹಾಗೆಯೇ. ತಮ್ಮ ತಂಗಿಯರ ಓದು, ಮದುವೆ ಅಂತ ದುಡಿಯುತ್ತ ದುಡಿಯುತ್ತ ತನ್ನದೇ ಬದುಕನ್ನು ಅಟ್ಟಕ್ಕೇರಿಸಿ ಕೂತವಳು. ರಜೆಗೆ ಬಂದಾಗ ಅಕ್ಕನ ಮನೆಯಲ್ಲಿ ಒಂದು ಸಂಜೆ ಇಬ್ಬರೂ ಎದುರುಬದುರು ಕೂತರು. ಅವಳು ಕಡಿಮೆ ಮಾತಾಡಿದಳು, ನಗುವಾಗ ತುಟಿ ಬಿಚ್ಚಲಿಲ್ಲ. ನಾಚಿಕೆ ಅಂದುಕೊಂಡ. ದಾರಿಯಲ್ಲಿ ಹೋಗುವವರ ಹಲ್ಲನ್ನೂ ಎಣಿಸುವ ಮನುಷ್ಯ ಅವತ್ತು ಅವಳ ಕಣ್ಣು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಆಮೇಲೆ ಎರಡು ವರ್ಷ ಫೋನಿನಲ್ಲೇ ಸಂಸಾರ. ಮದುವೆಯೂ ಅದರ ನಡುವೆ, ಅವಳ ಇನ್ನೊಂದು ರಜೆಯಲ್ಲಿ, ತರಾತುರಿಯಲ್ಲಿ ಆಯಿತು. ದುಡ್ಡಿನ ವಿಷಯದಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. "ಇಲ್ಲಿನ ಸಂಬಳ ಅಲ್ಲಿಂದ್ಲೇ ಕಾಣುತ್ತೆ ರೀ, ಖರ್ಚು ಇಲ್ಲಿಗೆ ಬಂದ್ಮೇಲೆ ಕಾಣೋದು" ಅಂತ ಮೊದಲೇ ಎಚ್ಚರಿಸಿದ್ದಳು. ಒಬ್ಬರ ದುಡಿಮೆಯಲ್ಲಿ ಇಬ್ಬರು ಬದುಕುವುದು ಕಷ್ಟ, ನಿಮಗೂ ಕೆಲಸ ಸಿಗಲೇಬೇಕು ಅಂದಿದ್ದಳು. ಹಲ್ಲಪ್ಪ ನಕ್ಕುಬಿಟ್ಟಿದ್ದ. ಹಲ್ಲು ಉದುರದ ದೇಶ ಯಾವುದಿದೆ, ತೋರಿಸು ಅಂದಿದ್ದ. ಅಂಗಡಿಯಲ್ಲಿ ಬೀಳ್ಕೊಡುವ ದಿನ ಜೊತೆಗಾರರು, ಗಂಡನ ಮನೆಗೆ ಹೊರಟ ಹುಡುಗಿಯ ಹಾಗೆ ಅಳಬೇಡ ಮಾರಾಯ, ಅತ್ತೆಮನೆಯಲ್ಲಿ ಹೊಂದಿಕೊಂಡು ಹೋಗು ಅಂತ ಕಾಲೆಳೆದರು. ಯಜಮಾನರು ಮಾತ್ರ, ಕಿಟಕಿ ಪಕ್ಕದ ಮೇಜಿಗೆ ಸದ್ಯಕ್ಕೆ ಯಾರನ್ನೂ ಕೂರಿಸುವುದಿಲ್ಲ ಅಂದರು. ಅದು ಅಪಶಕುನದ ಮಾತು ಅಂತ ಅಕ್ಕ ಸಿಡುಕಿದಳು.

ಅಲ್ಲಿಗೆ ಹೋಗಿ ಇಳಿದರೆ, ಮನೆ ಅಂದರೆ ಒಂದೂವರೆ ಕೋಣೆ. ಮೂರನೇ ಮಹಡಿ, ಕೆಳಗೆ ಬಟ್ಟೆ ಒಗೆದುಕೊಡುವ ಅಂಗಡಿ, ಅದರ ಯಂತ್ರ ತಿರುಗುವಾಗ ಇವರ ನೆಲವೂ ಸಣ್ಣಗೆ ನಡುಗುತ್ತಿತ್ತು. ಅವಳ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತಿತ್ತು. ಮಿಕ್ಕಿದ್ದಕ್ಕೆ ಬಸ್ಸು, ಕರೆಂಟು, ಚಳಿಗೆ ಕೋಣೆ ಬೆಚ್ಚಗಿಡುವ ಖರ್ಚು, ಕಸ ಒಯ್ಯುವುದಕ್ಕೂ ಒಂದು ಬಿಲ್ಲು. ಉಸಿರಾಡಿದ್ದಕ್ಕೆ ಮಾತ್ರ ಇನ್ನೂ ಬಿಲ್ಲು ಕಳಿಸಿಲ್ಲ ಅಂತ ಹಲ್ಲಪ್ಪ ಚಟಾಕಿ ಹಾರಿಸಿದ. ಅವಳು ತುಟಿ ಬಿಚ್ಚದೆ ನಕ್ಕಳು. ಇಬ್ಬರೂ ಒಂದೇ ಕೋಣೆಯಲ್ಲಿ ಹೀಟರ್ ಹಾಕಿಕೊಂಡು, ಅಡುಗೆಮನೆಯಾಗಿದ್ದ ಅರ್ಧ ಕೋಣೆಗೆ ಹೋಗಬೇಕಾದಾಗ ಕೋಟು ಹಾಕಿಕೊಂಡು ಹೋಗುತ್ತಿದ್ದರು. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಬ್ರೆಡ್ಡಿನ ಬೆಲೆ ಇಳಿಯುತ್ತದೆ ಅನ್ನುವುದನ್ನು ಅವನು ಮೊದಲ ವಾರದಲ್ಲೇ ಕಲಿತ.

ಇನ್ನೊಂದನ್ನೂ ಅದೇ ವಾರದಲ್ಲಿ ಕಂಡುಕೊಂಡ. ಹೆಂಡತಿ ಬ್ರೆಡ್ಡನ್ನು ಚಹಾದಲ್ಲಿ ನೆನೆಸದೆ ತಿನ್ನುತ್ತಿರಲಿಲ್ಲ, ಏನು ತಿಂದರೂ ಎಡಗಡೆಯಲ್ಲೇ ಅಗಿಯುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಕನ್ನಡಿ ಮುಂದೆ ಹಲ್ಲುಜ್ಜುವಾಗ ಪಕ್ಕದಲ್ಲಿ ನಿಂತು ನೋಡಿದ. ಮೇಲುಗಡೆ ಬಲಕ್ಕೆ ಮೂರು ಇರಲಿಲ್ಲ, ಮುಂದುಗಡೆ ಕೋರೆಹಲ್ಲಿನ ಪಕ್ಕದ್ದೂ ಇರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಳು. ಇವನು ನಲ್ಲಿ ನಿಲ್ಲಿಸಿ ಟವೆಲ್ ಕೊಟ್ಟ. ಅವಳೇ ಹೇಳಿದಳು.

"ಇಲ್ಲಿ ಹಲ್ಲು ಕೀಳ್ಸೋದು ಅಗ್ಗ, ಉಳಿಸ್ಕೊಳ್ಳೋದು ದುಬಾರಿ. ನೋವು ಬಂದಾಗೆಲ್ಲ ಅಗ್ಗದ್ದೇ ಮಾಡಿಸ್ದೆ."

ಅವಳು ವರ್ಷವರ್ಷ ಊರಿಗೆ ಕಳಿಸಿದ ದುಡ್ಡಿನಲ್ಲಿ ತಮ್ಮನ ಓದು ಮುಗಿದಿತ್ತು, ತಂಗಿಯ ಮದುವೆಯಾಗಿತ್ತು. ಅವರು ಯಾರಾದರೂ ಅಕ್ಕ ಯಾಕೆ ಬಾಯಿ ಬಿಟ್ಟು ನಗುವುದಿಲ್ಲ ಅಂತ ಕೇಳಿದ್ದರೋ ಇಲ್ಲವೋ. ಹಲ್ಲಿನ ಕೆಲಸದವನಾಗಿ ತಾನೇ ಎರಡು ವರ್ಷ ಕೇಳಿರಲಿಲ್ಲವಲ್ಲ ಅಂತ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಕೆಲಸದ ವಿಷಯ ಮಾತ್ರ ಅವನು ಅಂದುಕೊಂಡ ಹಾಗೆ ಇರಲಿಲ್ಲ. ಆ ದೇಶದಲ್ಲಿ ಬಾಯೊಳಗೆ ಹೋಗುವ ಯಾವುದೇ ಸಾಮಾನನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ. ಅರ್ಜಿ ಹಾಕಬೇಕು, ಆಮೇಲೆ ಕೈಕೆಲಸದ ಪರೀಕ್ಷೆ, ಪಾಸಾದರೆ ಹೆಸರು ನೋಂದಾಯಿಸುತ್ತಾರೆ, ಆಗ ಮಾತ್ರ ಯಾರಾದರೂ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಅರ್ಜಿಯ ಶುಲ್ಕಕ್ಕೇ ಅವಳು ರಜೆಯ ದಿನಗಳಲ್ಲೂ ಡ್ಯೂಟಿ ಮಾಡಿದಳು. ಕಚೇರಿಯ ಅಧಿಕಾರಿ, ಕನ್ನಡಕದ ಒಬ್ಬ ಹೆಂಗಸು, ಅರ್ಜಿ ತೆಗೆದುಕೊಳ್ಳುವಾಗಲೇ ಒಂದು ಮಾತನ್ನು ಬಿಡಿಸಿ ಹೇಳಿದ್ದಳು. ನೋಂದಣಿ ಆಗುವ ತನಕ ಯಾರಿಗೂ ಏನನ್ನೂ ಮಾಡಿಕೊಡಬಾರದು, ದುಡ್ಡಿಗೂ ಇಲ್ಲ, ಪುಕ್ಕಟೆಗೂ ಇಲ್ಲ. ಪರೀಕ್ಷೆಗೆ ಕರೆ ಬರುವುದಕ್ಕೆ ಏಳೆಂಟು ತಿಂಗಳು ಹಿಡಿಯುತ್ತದೆ.

ಏಳೆಂಟು ತಿಂಗಳು ಕೈಕಟ್ಟಿ ಕೂರುವುದು ಅಂದರೆ ಅವನಂಥವನಿಗೆ ಜೈಲು. ಬೆಳಿಗ್ಗೆ ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದರೆ ಅನ್ನ ಮಾಡುವುದು, ನೆಲ ಒರೆಸುವುದು, ಮತ್ತೆ ಸಂಜೆ ಬಸ್ ಸ್ಟಾಪಿಗೆ ಹೋಗಿ ನಿಲ್ಲುವುದು. ಅವಳು ಇಳಿಯುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡು ಇಳಿಯುತ್ತಿದ್ದಳು. ದಿನವೆಲ್ಲ ಮುದುಕರನ್ನು ಎತ್ತಿ ಕೂರಿಸಿ, ಮಲಗಿಸಿ, ತೊಳೆದು ಬರುವವಳು. ಅವಳ ಎದುರಿಗೆ ಬಟ್ಟಲು ಇಡುವಾಗ ಕೂತು ತಿನ್ನುವವನು ನಾನು ಅಂತ ತನ್ನ ಬಟ್ಟಲಿಗೆ ಅರ್ಧವೇ ಬಡಿಸಿಕೊಳ್ಳುತ್ತಿದ್ದ.

ಕೊನೆಗೆ ತಡೆಯಲಾಗಲಿಲ್ಲ. ಊರಿಂದ ತಂದ ಪೆಟ್ಟಿಗೆ ಮಂಚದ ಕೆಳಗಿತ್ತು. ಮೇಣ ಕೊರೆಯುವ ಚಾಕು, ಸಣ್ಣ ಸ್ಪಿರಿಟ್ ದೀಪ, ಅಚ್ಚು ಬಿಗಿಯುವ ಹಿತ್ತಾಳೆ ಪೆಟ್ಟಿಗೆ, ಬೇರೆಬೇರೆ ಬಿಳುಪಿನ ಹಲ್ಲು ಅಂಟಿಸಿದ ಕಾರ್ಡುಗಳು, ಎರಡು ಡಬ್ಬಿ ಗುಲಾಬಿ ಹಿಟ್ಟು. ಗಂಡ ಹೆಂಡತಿಯ ನಡುವೆ ಸರ್ಕಾರಕ್ಕೇನು ಕೆಲಸ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವಳ ರಜೆಯ ದಿನ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಟವೆಲ್ ಹೊದಿಸಿ, ಬಾಯಿಯ ಅಳತೆ ತೆಗೆದ. ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಮದುವೆಯಾದ ಮೇಲೂ ಅವನಿಗೆ ಅಷ್ಟು ಹತ್ತಿರದಿಂದ ತನ್ನ ಬಾಯಿ ತೋರಿಸಿರಲಿಲ್ಲ.

ನಾಲ್ಕು ಹಲ್ಲಿನ ಆ ಸಣ್ಣ ಸೆಟ್ಟಿಗೆ ಅವನು ಹಿಡಿದ ದಿನಗಳಲ್ಲಿ ಊರಿನಲ್ಲಾದರೆ ಹತ್ತು ಜನರ ಪೂರಾ ಸೆಟ್ಟು ಮುಗಿಯುತ್ತಿತ್ತು. ಕೋರೆಹಲ್ಲಿನ ಪಕ್ಕದ್ದನ್ನು ಮೇಣದಲ್ಲಿ ನೆಟ್ಟು, ಕಿತ್ತು, ಮತ್ತೆ ನೆಟ್ಟು, ಅವಳ ಹಳೇ ಫೋಟೋ ಒಂದನ್ನು ಎದುರಿಗಿಟ್ಟುಕೊಂಡು ಕೂದಲೆಳೆಯಷ್ಟು ಓರೆ ಮಾಡಿದ. ಅನ್ನದ ಪಾತ್ರೆಯಲ್ಲೇ ಬೇಯಿಸಿದ. ಹಿಟ್ಟು ಕಲಸಿದಾಗ ಬಂದ ಘಾಟು ವಾಸನೆಗೆ ಆ ಚಳಿಯಲ್ಲಿ ಕಿಟಕಿ ತೆರೆದಿಡಬೇಕಾಯಿತು, ಕೋಣೆ ಬೆಚ್ಚಗಿಟ್ಟ ದುಡ್ಡೆಲ್ಲ ಬೀದಿಪಾಲು ಅಂತ ಇಬ್ಬರೂ ಕೋಟು ಹಾಕಿಕೊಂಡು ನಕ್ಕರು. ಸೆಟ್ಟು ಕೂತ ದಿನ ಅವಳು ಕನ್ನಡಿ ನೋಡಿದಳು, ಬಾಯಿ ಮುಚ್ಚಿದಳು, ಮತ್ತೆ ತೆರೆದು ನೋಡಿದಳು. ಆಮೇಲೆ ಗಟ್ಟಿಯಾಗಿ ಸುಟ್ಟ ಬ್ರೆಡ್ಡಿನ ತುಂಡೊಂದನ್ನು ಬಲಗಡೆ ಇಟ್ಟುಕೊಂಡು ಕಟುಮ್ ಅನ್ನಿಸಿದಳು. ಅಳುವುದೋ ನಗುವುದೋ ಗೊತ್ತಾಗದೆ ಎರಡನ್ನೂ ಮಾಡಿದಳು. ಯಾರಿಗೂ ಹೇಳಬೇಡ ಅಂದ, ಕಚೇರಿಯ ತಾಕೀತಿನ ಸುದ್ದಿ ಮಾತ್ರ ಎತ್ತಲಿಲ್ಲ. ಹೇಳುವುದಿಲ್ಲ ಅಂದಳು.

ಅವಳು ಮಾತು ತಪ್ಪುವವಳಲ್ಲ. ಬಹಳ ದಿನ ಹೇಳಲೂ ಇಲ್ಲ. ಆದರೆ ಆಶ್ರಮದಲ್ಲಿ ಬಟ್ಟೆ ಬದಲಿಸುವ ಕೋಣೆಯೊಂದಿತ್ತು, ಅಂಥ ಕೋಣೆಯಲ್ಲಿ ಎಲ್ಲರ ಸಂಸಾರವೂ ಹೊರಗೆ ಬರುತ್ತದೆ. ಗಂಡ ಮನೆಯಲ್ಲೇ ಇರುತ್ತಾನಂತೆ, ಅನ್ನ ಮಾಡಿಕೊಂಡು ಕಾಯುತ್ತಾನಂತೆ, ಇವಳು ದುಡಿದು ಸಾಕುತ್ತಾಳಂತೆ ಅಂತ ಒಬ್ಬಳು ತಮಾಷೆ ಮಾಡಿದಳು. ನಾಯಿ ಸಾಕಿದ್ದರೆ ಖರ್ಚು ಕಮ್ಮಿಯಾಗುತ್ತಿತ್ತು ಅಂತ ಇನ್ನೊಬ್ಬಳು ಸೇರಿಸಿದಳು. ಎಲ್ಲರೂ ನಕ್ಕರು. ತನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದಳು, ಆ ದೇಶಕ್ಕೆ ಬಂದ ಹನ್ನೆರಡು ವರ್ಷವೂ ನುಂಗಿದವಳೇ. ಗಂಡನನ್ನು ಅಂದದ್ದು ತಡೆಯಲಿಲ್ಲ. ಬಾಯಿ ಅಗಲ ಮಾಡಿ ಆ ಕೋಣೆಯ ಬೆಳಕಿಗೆ ಒಡ್ಡಿದಳು. ಇದನ್ನ ಮಾಡಿದ ಕೈ ಅದು, ನಿಮ್ಮಲ್ಲಿ ಯಾರ ಗಂಡನಿಗೆ ಬರುತ್ತೆ ಹೇಳಿ ಅಂದಳು.

ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ತಿಂಗಳಿಗೊಮ್ಮೆ ಮುದುಕರ ಹಲ್ಲು ನೋಡಲು ಆಶ್ರಮಕ್ಕೆ ಒಬ್ಬ ಡಾಕ್ಟರು ಬರುತ್ತಿದ್ದರು. ಸುದ್ದಿ ಅವರ ಕಿವಿಗೂ ಬಿದ್ದು, ನೋಡಬಹುದೇ ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಅವಳು ತೆಗೆದು ತೊಳೆದು ಕೊಟ್ಟಳು. ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಒಳ್ಳೇ ಕೈ ಅಂದರು. ಅವಳ ಎದೆ ಉಬ್ಬಿತು. ಹುಟ್ಟಿ ಬೆಳೆದ ಕಡೆ ಅವಳು ಕಂಡಿದ್ದು ಅದನ್ನೇ, ದೊಡ್ಡವರೊಬ್ಬರು ಮೆಚ್ಚಿ ಇನ್ನೊಬ್ಬ ದೊಡ್ಡವರಿಗೆ ಒಂದು ಮಾತು ಹೇಳಿದರೆ ಆಗದ ಕೆಲಸ ಆಗುತ್ತದೆ. ಹಾಗಾಗಿ ಒಂದನ್ನೂ ಬಿಡದೆ ಹೇಳಿದಳು. ಅರ್ಜಿ ಹಾಕಿದ್ದು, ಪರೀಕ್ಷೆಗೆ ಕಾಯುತ್ತಿರುವುದು, ಅಡುಗೆಮನೆಯ ಸ್ಟೂಲು, ಅನ್ನದ ಪಾತ್ರೆ, ಎಲ್ಲ. ಗಂಡನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು. ಡಾಕ್ಟರು ಬರೆದುಕೊಂಡರು.

ಅವತ್ತು ಸಂಜೆ ಬಸ್ಸಿಂದ ಸೊಂಟಕ್ಕೆ ಕೈ ಕೊಡದೆ ಇಳಿದಳು. ದಾರಿಯುದ್ದಕ್ಕೂ ಅದೇ ಮಾತು. "ಡಾಕ್ಟ್ರೇ ಮೆಚ್ಕೊಂಡ್ರು ರೀ. ನಿಮ್ಮ ಹೆಸ್ರು ಬರ್ಕೊಂಡಿದಾರೆ. ಯಾರಿಗೋ ಹೇಳ್ತಾರೆ ಅನ್ಸುತ್ತೆ."

ಹಲ್ಲಪ್ಪನಿಗೆ ಕಚೇರಿಯ ಹೆಂಗಸಿನ ಮಾತು ನೆನಪಾಯಿತು. ಹೇಳುತ್ತಾರೆ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಅವಳ ಮುಖ ನೋಡಿ, ಒಳ್ಳೇದಾಯ್ತು ಅಂದ. ಅವಳು ಅಷ್ಟು ಸಂತೋಷವಾಗಿದ್ದನ್ನು ಆ ದೇಶಕ್ಕೆ ಬಂದ ಮೇಲೆ ಅವನು ನೋಡಿರಲಿಲ್ಲ. ಅವಳು ಆ ಖುಷಿಯಲ್ಲೇ ಇನ್ನೊಂದು ತುತ್ತು ಹೆಚ್ಚು ಉಂಡಳು, ಅವನು ತಟ್ಟೆಯಲ್ಲಿ ಬೆರಳಾಡಿಸಿ ಎದ್ದ.

ಕಚೇರಿಯಿಂದ ಕರೆ ಬಂತು. ಹೋದರೆ ಮೇಜಿನಾಚೆ ಅದೇ ಕನ್ನಡಕದ ಹೆಂಗಸು. ಡಾಕ್ಟರು ತಿಳಿಸಿದ್ದಾರೆ ಅಂದಳು. ಅವರಿಗೆ ನಿಮ್ಮ ಮೇಲೆ ದ್ವೇಷವೇನಿಲ್ಲ, ತಿಳಿಸದಿದ್ದರೆ ಅವರ ನೋಂದಣಿಗೇ ತೊಂದರೆ. ನೀವು ಮಾಡಿದ್ದು ಹೌದೇ ಅಂತ ಕೇಳಿದಳು. ಊರಿಂದಲೇ ಮಾಡಿಸಿ ತಂದದ್ದು ಅಂತ ಒಂದು ಸುಳ್ಳು ಹೇಳಿಬಿಡಬಹುದಿತ್ತು, ಬಾಯಿಗೂ ಬಂದಿತ್ತು. ಹಾಗಂದರೆ ಹೆಂಡತಿ ಸುಳ್ಳಿ ಅನ್ನಿಸಿಕೊಳ್ಳುತ್ತಾಳೆ. ಹೌದು, ನಾನೇ ಮಾಡಿದ್ದು ಅಂದ. ಅರ್ಜಿ ರದ್ದು, ಇನ್ನು ಐದು ವರ್ಷ ಮತ್ತೆ ಹಾಕುವಂತಿಲ್ಲ ಅಂದಳು. ಅವನು ಕೇಳಿದ್ದು ಒಂದೇ, ಅವಳು ಅದನ್ನು ಹಾಕಿಕೊಳ್ಳಬಹುದಾ ಅಂತ. ಆ ಹೆಂಗಸು ಕನ್ನಡಕ ತೆಗೆದು ಒರೆಸುತ್ತ, ಅದನ್ನು ನಾನು ನೋಡಿಯೇ ಇಲ್ಲವಲ್ಲ ಅಂದಳು.

ಸುದ್ದಿ ಕೇಳಿ ಹೆಂಡತಿ ಸೆಟ್ಟು ತೆಗೆದು ಸಿಂಕಿನ ಪಕ್ಕ ಇಟ್ಟುಬಿಟ್ಟಳು. ಎರಡು ದಿನ ಹಾಕಿಕೊಳ್ಳಲಿಲ್ಲ, ಸರಿಯಾಗಿ ತಿನ್ನಲಿಲ್ಲ. ನನ್ನ ಬಾಯೇ ನಿಮ್ಮ ಕೆಲಸ ತಿಂತು ಅಂತ ಒಂದೇ ಸಮನೆ ಅತ್ತಳು. ಅವನು ಬೈಯಲಿಲ್ಲ. ಸಿಟ್ಟು ಬಂದಿರಲಿಲ್ಲ ಅಂತಲ್ಲ, ಬಂದಿತ್ತು, ನುಂಗಿಕೊಂಡ. ಮೂರನೇ ದಿನ ತಾನೇ ತೊಳೆದು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. ಹಾಕ್ಕೋ, ಇದೊಂದಾದ್ರೂ ಉಪಯೋಗಕ್ಕೆ ಬರಲಿ ಅಂದ.

ಬಾಡಿಗೆ ಕಾಯುವುದಿಲ್ಲ. ಹಲ್ಲಪ್ಪ ಆ ನಗರದ ಹೊರಗಿನ ಒಂದು ಗೋದಾಮಿನಲ್ಲಿ ತರಕಾರಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿದ. ಸದ್ಯಕ್ಕೆ ಅಂತ ಹೇಳಿಕೊಂಡೇ ಸೇರಿದ. ಹಿಮದಂಥ ತಣ್ಣನೆಯ ಜಾಗ, ಒದ್ದೆ ಕೈಗವಸು, ಬೆಳಗಿಂದ ಸಂಜೆ ತನಕ ಎತ್ತು, ತುಂಬು, ತಳ್ಳು. ಅವಳ ಪಾಳಿಯೂ ಇವನದೂ ಹೊಂದದೆ, ಒಂದೇ ಮನೆಯಲ್ಲಿದ್ದೂ ಮೆಟ್ಟಿಲಲ್ಲಿ ಭೇಟಿಯಾಗುವ ದಿನಗಳೇ ಹೆಚ್ಚಾದವು. ಕೈಗೆ ಸ್ವಲ್ಪ ದುಡ್ಡು ಬಂತು, ಬಂದಷ್ಟೇ ಬೇಗ ಹೋಯಿತು. ಚಳಿಗಾಲ ಮುಗಿಯುವಷ್ಟರಲ್ಲಿ ಅವನ ಬೆರಳುಗಳು ಊದಿ ಗಿಣ್ಣುಗಳು ದಪ್ಪಗಾಗಿದ್ದವು.

ಒಂದು ಭಾನುವಾರ ಅವಳ ಸೆಟ್ಟನ್ನು ಪಕ್ಕದ ಹಲ್ಲಿಗೆ ಹಿಡಿಸುವ ತಂತಿ ಒಸಡಿಗೆ ಒತ್ತುತ್ತಿದೆ ಅಂತ ಪೆಟ್ಟಿಗೆ ತೆಗೆದು ಕೂತ. ತಂತಿ ಒಂಚೂರು ಬಗ್ಗಿಸಬೇಕು, ಅಷ್ಟೇ, ಊರಿನಲ್ಲಿ ಮಾತಾಡುತ್ತಾ ಮಾಡುತ್ತಿದ್ದ ಕೆಲಸ. ಇಕ್ಕಳ ಕೈಯಲ್ಲಿ ನಿಲ್ಲಲಿಲ್ಲ. ಎರಡನೇ ಸಲ ಹಿಡಿದಾಗ ಬೆರಳು ನಡುಗಿ ಜಾರಿತು. ಅವನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಅವಳು ನೋಡಿಬಿಟ್ಟಿದ್ದಳು. ಎದುರಿಗೆ ಬಂದು ಕೂತು, ಆ ಕೈಯನ್ನು ಹೊರಗೆ ಎಳೆದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನು ಇಲ್ಲಿಗೆ ಬರೋಕೆ ಮುಂಚೆ ಟೀಚರ್ ಆಗಿದ್ದೆ, ಗೊತ್ತಲ್ಲ ನಿಮ್ಗೆ. ಲೆಕ್ಕ ಹೇಳಿಕೊಡ್ತಿದ್ದೆ. ಸದ್ಯಕ್ಕೆ ಅಂತ ಆಶ್ರಮಕ್ಕೆ ಸೇರ್ದೆ. ಈಗ ಮಕ್ಕಳ ಮುಂದೆ ನಿಲ್ಸಿದ್ರೆ ನಂಗೆ ಬಾಯೇ ಬರಲ್ಲ. ಐದು ವರ್ಷ ಆದ್ಮೇಲೆ ನಿಮ್ಗೆ ಪರೀಕ್ಷೆಗೆ ಕೂರೋಕೆ ಕೈ ಉಳಿದಿರಲ್ಲ. ಊರಿಗೆ ಹೋಗಿ."

ಅವನು ಒಪ್ಪಲಿಲ್ಲ. ಹೆಂಡತಿಯನ್ನು ಬಿಟ್ಟು ಹೋಗುವುದಕ್ಕೆ ಇಷ್ಟು ದೂರ ಬಂದೆನಾ ಅಂತ ರೇಗಿದ. ಅವಳು ಬರುವಂತಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಇನ್ನೊಂದೆರಡು ವರ್ಷ ದುಡಿದರೆ ಅವಳಿಗೆ ಅಲ್ಲಿ ಪಿಂಚಣಿ ಗಟ್ಟಿಯಾಗುತ್ತದೆ, ಈಗ ಬಿಟ್ಟರೆ ಹನ್ನೆರಡು ವರ್ಷದ ಬೆವರೆಲ್ಲ ನೀರಿನಲ್ಲಿ ಹೋಮ. ಊರಿನಲ್ಲಿ ಅವನ ಸಂಬಳ ಒಬ್ಬನಿಗೆ ಸಾಕು, ಇಬ್ಬರಿಗೆ ಎಳೆದಾಟ, ನಲವತ್ತು ದಾಟಿದವಳಿಗೆ ಅಲ್ಲಿ ಯಾರು ಕೆಲಸ ಕೊಡುತ್ತಾರೆ? ವಾರಗಟ್ಟಲೆ ಇದನ್ನೇ ತಿರುಗಿಸಿ ಮುರುಗಿಸಿ ಮಾತಾಡಿದರು. ಕೊನೆಗೆ ಊರಿನ ಅಂಗಡಿ ಯಜಮಾನರಿಗೆ ಫೋನ್ ಮಾಡಿದ. ಮೇಜು ಹಾಗೇ ಇದೆ, ಬೇಗ ಬಾ, ಬೇರೆಯವರು ಕೇಳುತ್ತಿದ್ದಾರೆ ಅಂದರು. ಟಿಕೆಟ್ ಆಯಿತು.

ಹೊರಡುವ ವಾರ ಗೋದಾಮಿನ ಕೆಲಸ ಬಿಟ್ಟಿದ್ದರಿಂದ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಲು ಮತ್ತೆ ಹೋಗತೊಡಗಿದ. ಮೊದಮೊದಲು ಹೋಗುತ್ತಿದ್ದ ಹಾಗೆ ಇಬ್ಬರೂ ಬೆಂಚಿನ ಮೇಲೆ ಕೂತು ಕಾಯುವುದು. ಹೊರಡುವುದಕ್ಕೆ ಇನ್ನೆರಡು ದಿನ ಇರುವಾಗ, ಅವಳು ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಮುಖ ಎತ್ತದೆ ಕೇಳಿದಳು.

"ನಾನೂ ಬಂದ್ಬಿಡ್ಲಾ?"

ಈ ಒಂದು ಮಾತಿಗಾಗಿ ಹಲ್ಲಪ್ಪ ಒಳಗೊಳಗೇ ಎಷ್ಟು ಹಂಬಲಿಸಿದ್ದ ಅನ್ನುವುದು ಅವನಿಗೇ ಗೊತ್ತು. ಬಾ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಅವನ ತಲೆ ಮೊದಲು ಬಾಡಿಗೆಗೆ ಹೋಯಿತು. ಊರಿನಲ್ಲಿ ಅಕ್ಕನ ಮನೆಯ ಮೇಲಿನ ಕೋಣೆ ಇಬ್ಬರಿಗೆ ಸಾಲದು, ಬೇರೆ ಮನೆ ನೋಡಬೇಕು, ಮುಂಗಡ ಕೊಡಬೇಕು, ಅವಳ ಟಿಕೆಟ್ಟು, ಅವಳ ಪಿಂಚಣಿ. ಆ ದೇಶ ಅವನಿಗೆ ಕೆಲಸ ಕೊಡದಿದ್ದರೂ ಲೆಕ್ಕ ಹಾಕುವುದನ್ನು ಮಾತ್ರ ಚೆನ್ನಾಗಿ ಕಲಿಸಿತ್ತು. ಲೆಕ್ಕ ಮುಗಿದು, ಏನಾದರಾಗಲಿ, ಹೊಟ್ಟೆಗೆ ಇಲ್ಲದಿದ್ದರೂ ಜೊತೆಗಿರೋಣ ಅಂತ ತೀರ್ಮಾನಿಸಿ ತಲೆಯೆತ್ತುವಷ್ಟರಲ್ಲಿ ಅವಳು ಅವನ ಮುಖವನ್ನು ಪೂರಾ ನೋಡಿ ಆಗಿತ್ತು. ಲೆಕ್ಕದ ಟೀಚರ್, ಎದುರಿಗೆ ಕೂತವನು ಲೆಕ್ಕ ಹಾಕುತ್ತಿದ್ದಾನೆ ಅಂತ ಅವಳಿಗೆ ತಿಳಿಯದೆ ಇರುತ್ತದೆಯೇ?

"ಸುಮ್ನೆ ಕೇಳ್ದೆ ರೀ" ಅಂದಳು. "ಬ್ರೆಡ್ ಮುಗ್ದಿದೆ, ಸಂಜೆ ತಂದಿಡಿ."

ಬಸ್ಸು ಬಂದಿತ್ತು. ಅವನು ಎದ್ದು ನಿಂತು, ಬಾ, ಬಂದ್ಬಿಡು ಅಂದ. ಅಷ್ಟರಲ್ಲಿ ಅವಳು ಹತ್ತಿಯಾಗಿತ್ತು, ಬಾಗಿಲು ಮುಚ್ಚಿತ್ತು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಒಳಗೆ ಕಂಬ ಹಿಡಿದು ನಿಂತವಳು ಅವನ ಕಡೆ ನೋಡಿ ತಲೆಯಾಡಿಸಿದಳು, ಅದು ಹೂಂ ಅಂತಲೂ ಅಲ್ಲ, ಉಹೂಂ ಅಂತಲೂ ಅಲ್ಲ.

ಬಾ ಅಂತ ಅವತ್ತು ಸಂಜೆಯೂ ಹೇಳಿದ, ವಿಮಾನ ನಿಲ್ದಾಣದಲ್ಲೂ ಹೇಳಿದ. ಈಗ ಊರಿನಿಂದಲೂ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾನೆ. ಅವಳು ಸಿಟ್ಟು ಮಾಡಿಕೊಳ್ಳುವುದಿಲ್ಲ. ಕೈ ನೋವು ಹೇಗಿದೆ, ಅಕ್ಕ ಹೇಗಿದ್ದಾರೆ, ಊಟ ಆಯ್ತಾ ಅಂತ ಎಲ್ಲ ಕೇಳುತ್ತಾಳೆ. ಬಾ ಅಂದಾಗ ಮಾತ್ರ, ಬ್ರೆಡ್ ತರ್ಬೇಕು, ಅಂಗಡಿ ಬಾಗಿಲು ಹಾಕ್ತಾರೆ ಅಂತ ಏಳುತ್ತಾಳೆ. ಅವಳು ಮೆಟ್ಟಿಲಿಳಿಯುವ ಸದ್ದು ಮುಗಿಯುವ ತನಕ ಫೋನ್ ಕಿವಿಗೆ ಒತ್ತಿಕೊಂಡು ಹಲ್ಲಪ್ಪ ಕಾಯುತ್ತಾನೆ.